ಅಂಗುಳಕ್ಕೆ ಅಂಟಿದ ಕಲ್ಲುಸಕ್ಕರೆ

ನನಗೆ ಹತ್ತು ವರ್ಷ ತುಂಬುವವರೆಗೂ ನಮ್ಮ ಮನೆಯಲ್ಲಿ ಎಲ್ಲರೂ ನನಗೆ ಹೇಳುತ್ತಿದ್ದ ಒಂದೇ ಮಾತು 'ಬಾಯಿ ಮುಚ್ಚು'. ನಾನು ವಾಚಾಳಿಯಾಗಿದ್ದೆ ಅಂತಲ್ಲ. ಸುಮ್ಮನೆ ಕೂತಿದ್ದಾಗಲೇ ಈ ಮಾತು ಬರುತ್ತಿತ್ತು. ಪಾಠ ಓದುವಾಗ, ಜಡೆ ಹಾಕಿಸಿಕೊಳ್ಳುವಾಗ, ಕಡಲೆಕಾಯಿ ಬಿಡಿಸುವಾಗ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ನಾಲಿಗೆ ಕೆಳಗಿನ ಹಲ್ಲಿಗೆ ಒರಗಿಕೊಂಡು ಮಲಗಿರುತ್ತಿತ್ತು. ಮೇಲಿನ ಎರಡು ಹಲ್ಲು ಮುಂದಕ್ಕೆ ಬಂದಿದ್ದವು, ಗದ್ದ ಅಷ್ಟೇ ಹಿಂದಕ್ಕೆ ಹೋಗಿತ್ತು.

ಅಜ್ಜಿಗೆ ಕೋಪ ಬಂದರೆ ತೆಲುಗು ಬರುತ್ತಿತ್ತು. "ನೋರು ಮೂಸುಕೋವೇ, ಈಗ ಪೋತುಂದಿ!" ಅನ್ನುತ್ತಿದ್ದಳು. ತೆಲುಗಿನಲ್ಲಿ 'ಈಗ' ಎಂದರೆ ನೊಣ, ಬಾಯೊಳಗೆ ನೊಣ ಹೋಗುತ್ತದೆ ಎಂದು ಅವಳು ಹೇಳುತ್ತಿದ್ದದ್ದು. ತೀರ ಚಿಕ್ಕವಳಿದ್ದಾಗ ನನಗದು ತಿಳಿಯದೆ, ಈಗ ಏನೋ ಹೋಗುತ್ತದೆ ಎಂದುಕೊಂಡು ಸುತ್ತಮುತ್ತ ನೋಡುತ್ತಿದ್ದೆ. ಏನೂ ಹೋಗುತ್ತಿರಲಿಲ್ಲ. ಅದನ್ನು ನೋಡುತ್ತಾ ಬಾಯಿ ಇನ್ನಷ್ಟು ತೆರೆದುಕೊಳ್ಳುತ್ತಿತ್ತು.

ನಾವಿದ್ದದ್ದು ಚಿಂತಾಮಣಿಯಲ್ಲಿ. ಅಪ್ಪನಿಗೆ ಕಡಲೆಕಾಯಿ ಮಂಡಿ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು, ಮತ್ತೆ ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ. ಅವನು ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ಅದು ಐವತ್ತರ ದಶಕದ ಕೊನೆಯ ವರ್ಷಗಳು. ಚಿಕ್ಕಪ್ಪನಿಗೆ ಹೆಣ್ಣು ಹುಡುಕುತ್ತಿದ್ದರು.

ಸ್ಕೂಲಿನಲ್ಲಿ ನನ್ನ ಪಾಡು ಬೇರೆಯೇ ಇತ್ತು. ನನಗೆ 'ಮ' ಮತ್ತು 'ನ' ಹೇಳಲು ಬರುತ್ತಿರಲಿಲ್ಲ. ಮೂಗು ಸದಾ ಕಟ್ಟಿರುತ್ತಿದ್ದುದರಿಂದ 'ಮ' ಹೋಗಿ 'ಬ' ಆಗುತ್ತಿತ್ತು, 'ನ' ಹೋಗಿ 'ದ' ಆಗುತ್ತಿತ್ತು. 'ನಮ್ಮ ಮನೆಯ ಮುಂದೆ ಮಾವಿನ ಮರವಿದೆ' ಎಂದು ಪುಸ್ತಕದಲ್ಲಿದ್ದರೆ ನಾನು ಎದ್ದು ನಿಂತು ಗಟ್ಟಿಯಾಗಿ, "ದಬ್ಬ ಬದೆಯ ಬುಂದೆ ಬಾವಿದ ಬರವಿದೆ" ಎಂದು ಓದುತ್ತಿದ್ದೆ. ಕ್ಲಾಸೆಲ್ಲ ಬೆಂಚು ತಟ್ಟಿಕೊಂಡು ನಗುತ್ತಿತ್ತು. ಮೇಷ್ಟ್ರು ಒಳ್ಳೆಯವರು. "ನೆಗಡಿ ಹೋದ್ಮೇಲೆ ಓದುವಂತೆ, ಕೂತ್ಕೊಳಮ್ಮ" ಅನ್ನುತ್ತಿದ್ದರು. ನೆಗಡಿ ಹೋಗುವ ವೇಳೆಗೆ ಆ ವರ್ಷದ ಪುಸ್ತಕವೇ ಮುಗಿದುಹೋಗುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆ ರಜೆಯಲ್ಲಿ ಗೌರಿಬಿದನೂರಿನಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಅವಳು ಮನೆಗೆ ಬಂದರೆ ಮನೆಯೂ ಸ್ಕೂಲಾಗುತ್ತಿತ್ತು. ಅಪ್ಪ ಕೂಡ ಅವಳೆದುರು ಕಾಲು ಮಡಚಿಕೊಂಡು ಕೂರುತ್ತಿದ್ದ. ಅವಳು ಆ ವರ್ಷ ಬೆಂಗಳೂರಿನಲ್ಲಿ ಟೀಚರುಗಳ ಟ್ರೈನಿಂಗಿಗೆ ಹೋಗಿದ್ದಳು. ಅಲ್ಲಿ ಒಬ್ಬ ಹಲ್ಲಿನ ಡಾಕ್ಟರು ಮಕ್ಕಳ ಬಾಯಿಯ ಬಗ್ಗೆ ಭಾಷಣ ಮಾಡಿದ್ದರಂತೆ. ಆ ಭಾಷಣ ಕೇಳಿ ಬಂದ ಮೇಲೆ ಅತ್ತೆಯ ಕೈಗೆ ಸಿಕ್ಕ ಮೊದಲನೇ ತೆರೆದ ಬಾಯಿ ನನ್ನದು.

ನನ್ನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ, ಚಮಚದ ಹಿಡಿಯಿಂದ ನಾಲಿಗೆ ಒತ್ತಿ, ಒಳಗೆ ಇಣುಕಿದಳು.

"ಬಂದು ನೋಡ್ರಿ ಎಲ್ಲಾರೂ" ಎಂದು ಕೂಗಿದಳು. "ಇವಳ ಅಂಗುಳ ಹೆಂಗಿದೆ ನೋಡಿ. ಕಿರಿದಾಗಿ, ಗೋಪುರದ ಥರ ಮೇಲಕ್ಕೆ ಹೋಗ್ಬಿಟ್ಟಿದೆ."

ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ ಒಬ್ಬೊಬ್ಬರಾಗಿ ಬಂದು ನನ್ನ ಬಾಯಿಯೊಳಗೆ ನೋಡಿ ಹೋದರು. ಹಾಲು ಕೊಡಲು ಬಂದವಳೂ ನೋಡಿದಳು. ಆಮೇಲೆ ಅತ್ತೆ ಜಗುಲಿಯ ಮೇಲೆ ಕೂತು ವಿವರಿಸಿದಳು.

"ಕುಂಬಾರ ಮಡಕೆ ತಟ್ಟೋದು ನೋಡಿದೀರಲ್ಲ? ಹೊರಗಡೆಯಿಂದ ಹಲಗೇಲಿ ತಟ್ತಾನೆ. ಒಳಗಡೆ ಇನ್ನೊಂದು ಕೈಲಿ ಕಲ್ಲು ಹಿಡಿದಿರ್ತಾನೆ. ಒಳಗಡೆ ಕಲ್ಲು ಹಿಡೀದೆ ಹೊರಗಡೆಯಿಂದಷ್ಟೇ ತಟ್ಟಿದ್ರೆ ಏನಾಗುತ್ತೆ?"

"ಒಳಕ್ಕೆ ಹೋಗುತ್ತೆ" ಅಂದ ಅಪ್ಪ, ಪಾಠ ಒಪ್ಪಿಸುವವನ ಹಾಗೆ.

"ಹಾಂ. ಮಕ್ಕಳ ಮೇಲಿನ ದವಡೆನೂ ಹಂಗೇನೆ. ಬೆಳೆಯೋ ಮೂಳೆ, ಹಸಿ ಮಣ್ಣಿದ್ದಂಗೆ. ಕೆನ್ನೆ ಹೊರಗಡೆಯಿಂದ ಒತ್ತುತಾನೇ ಇರುತ್ತೆ. ಒಳಗಡೆಯಿಂದ ತಡೆಯೋದು ನಾಲಿಗೆ. ನಾಲಿಗೆ ಅಂಗುಳಕ್ಕೆ ಅಂಟ್ಕೊಂಡಿದ್ರೆ ದವಡೆ ಅಗಲವಾಗಿ ಬೆಳೆಯುತ್ತೆ, ಹಲ್ಲಿಗೆ ಜಾಗ ಆಗುತ್ತೆ. ಇವಳ ನಾಲಿಗೆ ಮೂರು ಹೊತ್ತೂ ಕೆಳಗೆ ಬಿದ್ಕೊಂಡಿದೆ. ಅದಕ್ಕೇ ಹಲ್ಲು ಮುಂದೆ ಬಂದಿರೋದು, ಅದಕ್ಕೇ ಮುಖ ಉದ್ದ ಆಗಿರೋದು."

ಅಜ್ಜಿಗೆ ಹಲ್ಲೇ ಇರಲಿಲ್ಲ. "ಹಂಗಾದ್ರೆ ನನ್ನ ನಾಲಿಗೆ ಎಲ್ಲಿರಬೇಕೇ?" ಎಂದು ಕೇಳಿದಳು.

"ನಿಂದು ಬಿಡಮ್ಮ. ನಿನ್ನ ನಾಲಿಗೆ ಒಂದು ಕಡೆ ನಿಂತಿದ್ದು ನಾನಂತೂ ನೋಡಿಲ್ಲ" ಅಂದಳು ಅತ್ತೆ.

ಆ ದಿನದಿಂದಲೇ ಚಿಕಿತ್ಸೆ ಶುರುವಾಯಿತು. "'ನ' ಅನ್ನು. ನಾಲಿಗೆ ತುದಿ ಎಲ್ಲಿ ತಗಲುತ್ತೋ ಅದಕ್ಕೆ ಸ್ವಲ್ಪ ಹಿಂದೆ ಇಟ್ಕೋಬೇಕು" ಅಂದಳು ಅತ್ತೆ.

"ದ" ಅಂದೆ ನಾನು.

"ದ ಅಲ್ಲ. ನ."

"ದ."

ಅತ್ತೆ 'ನ' ಬಿಟ್ಟು ಕಲ್ಲುಸಕ್ಕರೆಗೆ ಬಂದಳು. ಒಂದು ಚೂರು ಕಲ್ಲುಸಕ್ಕರೆಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಹಿಡಿದು, ತುಟಿ ಮುಚ್ಚಿಕೊಂಡು ಕೂರಬೇಕು. ಕಡಿಯಬಾರದು. ಅದು ತಾನಾಗಿ ಕರಗುವವರೆಗೆ ಬಾಯಿ ತೆರೆಯಬಾರದು. ಇಷ್ಟೇ. ಕೇಳುವುದಕ್ಕೆ ಸುಖವಾಗಿತ್ತು. ಓಣಿಯ ಹುಡುಗಿಯರೆಲ್ಲ ತಮ್ಮ ನಾಲಿಗೆಯೂ ಕೆಳಗಿದೆ ಎಂದು ಹೇಳಿಕೊಂಡು ನಮ್ಮ ಮನೆಗೆ ಬಂದರು.

ಆದರೆ ನನಗೆ ಅದು ಆಗುತ್ತಿರಲಿಲ್ಲ. ಬಾಯಿ ಮುಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಎದೆ ಬಿಗಿಯುತ್ತಿತ್ತು, ಕಿವಿ ಗುಂಯ್‌ಗುಡುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೆ ಕಲ್ಲುಸಕ್ಕರೆಯನ್ನು ಕಟಕ್ಕೆಂದು ಕಡಿದು ನುಂಗಿ, 'ಹಾ' ಎಂದು ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದೆ. "ಇವಳಿಗೆ ಸಕ್ಕರೆ ಬೇಕು, ಶಿಸ್ತು ಬೇಡ" ಎಂದು ಅತ್ತೆ ತೀರ್ಪು ಕೊಟ್ಟಳು. ಉಸಿರು ಕಟ್ಟುತ್ತದೆ ಎಂದು ನಾನು ಹೇಳಲಿಲ್ಲ. ಬಾಯಿ ಮುಚ್ಚಿದರೆ ಎಲ್ಲರಿಗೂ ಹಾಗೇ ಆಗುತ್ತದೆ, ಅವರೆಲ್ಲ ಗಟ್ಟಿಗರು, ತಡೆದುಕೊಳ್ಳುತ್ತಾರೆ ಎಂದು ನಾನು ನಂಬಿದ್ದೆ.

ಇದರ ನಡುವೆ ಅಜ್ಜಿಯ ದೇವರ ಮನೆಯ ಡಬ್ಬಿಯಲ್ಲಿದ್ದ ಕಲ್ಲುಸಕ್ಕರೆ ಕಡಿಮೆಯಾಗತೊಡಗಿತು. ಬೈಗುಳ ನನಗೇ ಬಿತ್ತು. ನಿಜವಾದ ಕಳ್ಳ ಯಾರೆಂದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಚಿಕ್ಕಪ್ಪ ಬಚ್ಚಲಮನೆಯ ಪಕ್ಕದ ಕನ್ನಡಿಯ ಮುಂದೆ ನಿಂತು, ತುಟಿ ಬಿಗಿದು, ಕತ್ತನ್ನು ಅತ್ತಿತ್ತ ತಿರುಗಿಸಿ, ತನ್ನ ಗದ್ದವನ್ನು ಓರೆಗಣ್ಣಿನಿಂದ ನೋಡಿಕೊಳ್ಳುತ್ತಿದ್ದ. ಅವನ ಕೆನ್ನೆಯೊಳಗೆ ಕಲ್ಲುಸಕ್ಕರೆ ಉರುಳಿದ್ದು ನನಗೆ ಕೇಳಿಸಿತು.

ಚಿಕ್ಕಪ್ಪನ ಗದ್ದದ ವಿಷಯ ಹೇಳಬೇಕು. ಅದು ಇತ್ತು, ಆದರೆ ಇದ್ದಂತೆ ಕಾಣುತ್ತಿರಲಿಲ್ಲ. ಕೆಳತುಟಿ ಮುಗಿದ ಮೇಲೆ ನೇರವಾಗಿ ಕತ್ತು ಶುರುವಾಗುತ್ತಿತ್ತು. ಹಿಂದಿನ ವರ್ಷ ಕೆಂಚಾರ್ಲಹಳ್ಳಿ ಕಡೆಯ ಒಂದು ಮನೆಗೆ ಅವನ ಫೋಟೋ ಕಳಿಸಿದ್ದರು. ಅವರು ಅದನ್ನು ಮರ್ಯಾದೆಯಿಂದಲೇ ವಾಪಸು ಕಳಿಸಿ, 'ಹುಡುಗ ನಾಚಿಕೊಂಡು ತಲೆ ತಗ್ಗಿಸಿದ್ದಾನೆ, ನೆಟ್ಟಗೆ ನೋಡುತ್ತಿರುವ ಫೋಟೋ ಇದ್ದರೆ ಕೊಡಿ' ಎಂದು ಹೇಳಿಸಿದ್ದರು. ಅವನು ತಲೆ ತಗ್ಗಿಸಿರಲಿಲ್ಲ.

ನನ್ನನ್ನು ನೋಡಿ ಚಿಕ್ಕಪ್ಪ ಬೆಚ್ಚಿದ. "ಯಾರಿಗೂ ಹೇಳ್ಬೇಡ ಕಣಮ್ಮ" ಎಂದು ಪಿಸುಗುಟ್ಟಿದ. "ನಗರಗೆರೆಗೆ ಹೆಣ್ಣು ನೋಡಕ್ಕೆ ಹೋಗೋವರ್ಗೂ ಅಷ್ಟೇ."

"ಬೂಳೆ ಬಂತಾ ಚಿಕ್ಕಪ್ಪ?"

"ಸ್ವಲ್ಪ ಬಂದಂಗಿದೆ. ಈ ಕಡೆಯಿಂದ ನೋಡು, ಬೆಳಕಿಗೆ."

ನೋಡಿದೆ. ಬಂದಿರಲಿಲ್ಲ. ಆದರೆ ಅವನ ಮುಖದಲ್ಲಿದ್ದ ಆಸೆ ನೋಡಿ, "ಬಂದಿದೆ" ಅಂದೆ.

ನಗರಗೆರೆ ಗೌರಿಬಿದನೂರಿನ ಆಚೆ. ಆ ಸಂಬಂಧವನ್ನು ಹುಡುಕಿದ್ದವಳೂ ಅತ್ತೆಯೇ. ಒಳ್ಳೆಯ ಜಮೀನಿದ್ದ ಮನೆ, ಹುಡುಗಿ ಎಸ್ಸೆಸ್ಸೆಲ್ಸಿ ಓದಿದ್ದಾಳೆ. ನಾವೆಲ್ಲ ಬೆಳಗಿನ ಬಸ್ಸು ಹತ್ತಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ, ಬಸ್ಸು ಬದಲಾಯಿಸಿ ಹೋದೆವು. ದಾರಿಯುದ್ದಕ್ಕೂ ಕೆಂಪು ಧೂಳು. ಅಲ್ಲಿ ಇಳಿಯುವ ವೇಳೆಗೆ ನನ್ನ ಮೂಗಿನ ಎರಡು ಹೊಳ್ಳೆಯೂ ಪೂರ್ತಿ ಮುಚ್ಚಿಹೋಗಿದ್ದವು.

ಅವರ ಮನೆಯ ಬಾಗಿಲಲ್ಲಿ ಅತ್ತೆ ನನ್ನ ಬಾಯಿಗೆ ಒಂದು ದಪ್ಪ ಕಲ್ಲುಸಕ್ಕರೆ ಹಾಕಿದಳು. "ಇಲ್ಲಿ ಬಾಯಿ ತೆಗ್ದೆ ಅಂದ್ರೆ ನೋಡು. ಇವರ ವಂಶವೇ ಹಿಂಗೆ ಅಂದ್ಕೋತಾರೆ" ಎಂದಳು. ಚಿಕ್ಕಪ್ಪನ ಬಾಯಿಯಲ್ಲಿ ಏನಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಡುಮನೆಯಲ್ಲಿ ಜಮಖಾನ ಹಾಸಿದ್ದರು. ಹುಡುಗಿಯ ತಾತ ಮಧ್ಯದಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಹುಡುಗಿಯ ಸೋದರಮಾವ. ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು, ಈ ಕಾರ್ಯಕ್ಕೆಂದೇ ಬಂದಿದ್ದರು. ತಾತ ಚಿಕ್ಕಪ್ಪನನ್ನು ಮಾತಾಡಿಸಿದರು.

"ಏನಪ್ಪಾ, ಪ್ರಯಾಣ ಸುಖವಾಗಿತ್ತಾ?"

"ಹ್ಞೂಂ" ಅಂದ ಚಿಕ್ಕಪ್ಪ, ತುಟಿ ತೆರೆಯದೆ.

"ತಾಲ್ಲೂಕು ಆಫೀಸಲ್ಲಿ ಕೆಲಸ ಅಲ್ವಾ?"

"ಹ್ಞೂಂ."

"ಸಾಹೇಬ್ರು ಹೆಂಗೆ? ಒಳ್ಳೇರಾ?"

"ಹ್ಞೂಂ."

"ಊಟ ತಿಂಡಿಯೆಲ್ಲ ಎಲ್ಲಿ, ಮನೇಲೋ ಹೋಟ್ಲಲ್ಲೋ?"

ಇದಕ್ಕೆ ಹ್ಞೂಂ ಸಾಲುವುದಿಲ್ಲ. ಚಿಕ್ಕಪ್ಪ ಕ್ಷಣ ಯೋಚಿಸಿ, ಕೈಯೆತ್ತಿ ಅಜ್ಜಿಯ ಕಡೆ ತೋರಿಸಿದ.

ತಾತ ಪಕ್ಕಕ್ಕೆ ವಾಲಿ, ನಮಗೆ ತಿಳಿಯದು ಎಂದುಕೊಂಡು, ತೆಲುಗಿನಲ್ಲಿ ಕೇಳಿದರು: "ಪಿಲ್ಲವಾಡಿಕಿ ಮಾಟಲು ವಸ್ತಾಯಾ ಲೇದಾ?" ಹುಡುಗನಿಗೆ ಮಾತು ಬರುತ್ತದೋ ಇಲ್ಲವೋ ಎಂದು.

ಅಜ್ಜಿ ಬಿಡಲಿಲ್ಲ. "ವಸ್ತಾಯಿ, ವಸ್ತಾಯಿ. ಇಂಟ್ಲೋ ಆಪಲೇಮು" ಅಂದಳು. ಬರುತ್ತದೆ, ಮನೆಯಲ್ಲಿ ನಿಲ್ಲಿಸಲಿಕ್ಕೇ ಆಗುವುದಿಲ್ಲ ಎಂದು. ತಾತ ಕೆಮ್ಮಿದರು. ಅಪ್ಪ ಜಮಖಾನದ ಬಣ್ಣ ಹೊಗಳಿದ.

ನನ್ನ ಸ್ಥಿತಿ ಆಗಲೇ ಕೆಟ್ಟಿತ್ತು. ಗೋಡೆಯ ಮೇಲಿನ ಕ್ಯಾಲೆಂಡರಿನ ದೇವರು ಇಬ್ಬರಾಗಿದ್ದರು. ಅಷ್ಟರಲ್ಲಿ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಹಸಿರು ಸೀರೆ, ಉದ್ದ ಜಡೆ. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ಮೊದಲು ತಾತನಿಗೆ, ಆಮೇಲೆ ಸೋದರಮಾವನಿಗೆ ಕಾಫಿ ಕೊಟ್ಟಳು. ಡಾಕ್ಟರು ಲೋಟ ಎತ್ತಿಕೊಂಡರು. ಅಲ್ಲಿಗೆ ನನ್ನ ಶಕ್ತಿ ಮುಗಿಯಿತು. ಮೊದಲು ಒಂದು ದೊಡ್ಡ ಕೆಮ್ಮು, ಹಿಂದೆಯೇ ಬಾವಿಯ ರಾಟೆ ಕಿರುಗುಟ್ಟಿದಂಥ ಒಂದು ಉಸಿರು. ಕಲ್ಲುಸಕ್ಕರೆ ನನ್ನ ಬಾಯಿಂದ ಹಾರಿ, ಜಮಖಾನ ದಾಟಿ, ಟಳಕ್ಕೆಂದು ಡಾಕ್ಟರ ಕಾಫಿ ಲೋಟದೊಳಗೆ ಬಿತ್ತು.

ಯಾರೂ ಅಲ್ಲಾಡಲಿಲ್ಲ. ಚಿಕ್ಕಪ್ಪ ಮಾತ್ರ ತನ್ನ ಬಾಯಲ್ಲಿದ್ದದ್ದನ್ನು ಕಟಕ್ಕೆಂದು ಕಡಿದು ನುಂಗಿ, ಎಗರಿ ಬಂದು ನನ್ನನ್ನು ಹಿಡಿದುಕೊಂಡ.

"ಉಸಿರು ತಗೋ ಮಗೂ, ಉಸಿರು ತಗೋ! ಬಾಯಿ ತೆಗಿ, ಇನ್ನೂ ತೆಗಿ! ಅಕ್ಕ, ಮಗೂನ ಸಾಯಿಸ್ಬಿಡ್ತಿದ್ಯಲ್ಲೇ! ಮುಖ ನೋಡಿ, ನೀಲಿ ಆಗಿದೆ! ಯಾರಾದ್ರೂ ನೀರು ತನ್ರೀ, ಏನು ನೋಡ್ತಾ ಕೂತಿದೀರಾ!"

"ಮಾತು ಬರುತ್ತೆ!" ಎಂದರು ತಾತ, ದೊಡ್ಡ ಭಾರ ಇಳಿದವರ ಹಾಗೆ.

ನೀರು ತಂದುಕೊಟ್ಟವಳು ಆ ಹುಡುಗಿಯೇ. ನಾನು ಕುಡಿದು, ಸುಧಾರಿಸಿಕೊಂಡು, ಅತ್ತೆ ಈಗ ಹೊಡೆಯುತ್ತಾಳೆ ಎಂದುಕೊಂಡು ಅಳಲು ಶುರುಮಾಡಿದೆ. ಡಾಕ್ಟರು ತಮ್ಮ ಲೋಟವನ್ನು ಕೆಳಗಿಟ್ಟು, "ಸಕ್ಕರೆ ಸ್ವಲ್ಪ ಕಮ್ಮಿ ಇತ್ತು, ಬಿಡಮ್ಮ" ಎಂದು ನನ್ನನ್ನು ಹತ್ತಿರ ಕರೆದರು. ಏನು ಇದು, ಯಾಕೆ ಬಾಯಲ್ಲಿಟ್ಟುಕೊಂಡಿದ್ದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುಂಬಾರನಿಂದ ಹಿಡಿದು ಎಲ್ಲವನ್ನೂ ವಿವರಿಸಿದಳು. ಅವರು ಪೂರ್ತಿ ಕೇಳಿದರು.

"ಮೇಡಮ್ಮನವರೇ, ನೀವು ಹೇಳಿದ್ದು ಸುಳ್ಳಲ್ಲ" ಎಂದರು. "ಬೆಳೆಯೋ ಮಕ್ಕಳ ನಾಲಿಗೆ ಮೇಲಿರಬೇಕು, ತುಟಿ ಮುಚ್ಚಿರಬೇಕು. ಆದ್ರೆ ಒಂದು ಕೈಗನ್ನಡಿ ಇದ್ರೆ ಕೊಡಿ."

ಹುಡುಗಿ ಒಳಗಿಂದ ತನ್ನ ಕನ್ನಡಿ ತಂದುಕೊಟ್ಟಳು. ಡಾಕ್ಟರು ಅದನ್ನು ಅತ್ತೆಯ ಮೂಗಿನ ಕೆಳಗೆ ಹಿಡಿದರು. ಅತ್ತೆಯ ಸಿಟ್ಟಿನ ಉಸಿರಿಗೆ ಕನ್ನಡಿ ಪೂರ್ತಿ ಮಂಜಾಯಿತು. ಒರೆಸಿ, ನನ್ನ ಮೂಗಿನ ಕೆಳಗೆ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡು ಎಂದರು. ಕನ್ನಡಿ ಹೊಳೆಯುತ್ತಲೇ ಇತ್ತು.

"ನೋಡಿ. ಇವಳ ಮೂಗಲ್ಲಿ ಗಾಳಿ ಆಡ್ತಾನೇ ಇಲ್ಲ. ಉಸಿರು ತಗೋಬೇಕಾದ್ರೆ ಬಾಯಿ ತೆಗೀಬೇಕು, ಬಾಯಿ ತೆಗೀಬೇಕಾದ್ರೆ ನಾಲಿಗೆ ಕೆಳಗಿಳೀಲೇಬೇಕು. ಪಾಪ, ಮಗು ಇನ್ನೇನು ಮಾಡುತ್ತೆ? ಮೂಗಿನ ಹಿಂದೆ, ಗಂಟಲ ಮೇಲೆ ಮಾಂಸ ಬೆಳೆದಿರಬೇಕು. ಅಡಿನಾಯ್ಡ್ ಅಂತೀವಿ. ಬೆಂಗಳೂರಲ್ಲಿ ತೋರಿಸಿ. ತೆಗೆದುಹಾಕ್ತಾರೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹತ್ತು ವರ್ಷ ಎಲ್ಲರೂ ನನ್ನ ಬಾಯಿಯನ್ನೇ ನೋಡಿದ್ದರು. ನನಗಂತೂ ಆ ಕ್ಷಣದಲ್ಲಿ ಹೆಚ್ಚು ಆಶ್ಚರ್ಯವಾದದ್ದು ಬೇರೆ ವಿಷಯಕ್ಕೆ. ಉಳಿದವರೆಲ್ಲ ಮೂಗಿನಿಂದ ಉಸಿರಾಡುತ್ತಾರೆ! ಮೂಗಿರುವುದು ಒರೆಸಿಕೊಳ್ಳುವುದಕ್ಕೆ ಎಂದು ನಾನು ತಿಳಿದಿದ್ದೆ.

ಅತ್ತೆ ಸೆರಗು ಸರಿಮಾಡಿಕೊಂಡು, "ನಾನೂ ಅದನ್ನೇ ಹೇಳಿದ್ದು. ನಾಲಿಗೆ ಮೇಲಿರಬೇಕು ಅಂತ" ಅಂದಳು. ಅಜ್ಜಿ ಅವಳನ್ನು ನೋಡಿದ ನೋಟಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಹೊರಡುವಾಗ ಜಗುಲಿಯಲ್ಲಿ ಚಿಕ್ಕಪ್ಪ ಡಾಕ್ಟರನ್ನು ಪಕ್ಕಕ್ಕೆ ಕರೆದ. ನಾನು ಅವನ ಕೈ ಹಿಡಿದುಕೊಂಡಿದ್ದರಿಂದ ನನಗೂ ಕೇಳಿಸಿತು.

"ಡಾಕ್ಟ್ರೇ, ಇದು ದೊಡ್ಡೋರಿಗೂ ಆಗುತ್ತಾ? ನಾಲಿಗೆ ಮೇಲಿಟ್ಕೊಂಡ್ರೆ ಗದ್ದ ಬರೋದು?"

"ಯಾರಿಗೆ?"

"ನನ್ನ ಸ್ನೇಹಿತರೊಬ್ಬರಿದಾರೆ, ಅವರಿಗೆ."

ಡಾಕ್ಟರು ಅವನ ಮುಖವನ್ನೊಮ್ಮೆ ನೋಡಿದರು. "ನಿಮ್ಮ ಸ್ನೇಹಿತರಿಗೆ ಬೆಳೆಯೋ ವಯಸ್ಸು ಮುಗಿದುಹೋಗಿದೆಯಲ್ಲ. ಅವರು ನಾಲಿಗೆ ಎಲ್ಲಿಟ್ಟುಕೊಂಡರೂ ಆ ಮೂಳೆ ಅಲ್ಲಾಡಲ್ಲ. ಇಟ್ಕೊಂಡ್ರೆ ತೊಂದರೆ ಏನಿಲ್ಲ. ಹೆಣ್ಣು ನೋಡಕ್ಕೆ ಹೋದಾಗ ಮಾತ್ರ ಕೆಳಗಿಳಿಸಿಕೊಳ್ಳೋಕೆ ಹೇಳಿ" ಎಂದರು.

ಅವರ ಕಡೆಯಿಂದ ಒಪ್ಪಿಗೆ ಬರುವುದಿಲ್ಲವೆಂದು ವಾಪಸು ಬರುವ ಬಸ್ಸಿನಲ್ಲಿ ಎಲ್ಲರೂ ತೀರ್ಮಾನಿಸಿದ್ದೆವು. ಆದರೆ ಬಂತು. ಆ ಸುದ್ದಿ ಬಂದಾಗ ಅಪ್ಪ ಮತ್ತು ಅಮ್ಮ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವ ಸಿದ್ಧತೆಯಲ್ಲಿದ್ದರು.

ಆಪರೇಷನ್ನಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮುಖದ ಮೇಲೆ ಏನೋ ಇಟ್ಟರು, ಎಣಿಸು ಎಂದರು, ನಾನು 'ಬೂರು' ಅನ್ನುವವರೆಗೆ ಬಂದಿದ್ದು ನೆನಪಿದೆ. ಎದ್ದಾಗ ಗಂಟಲು ಉರಿಯುತ್ತಿತ್ತು. ಅಪ್ಪ ಐಸ್‌ಕ್ರೀಮ್ ತಂದುಕೊಟ್ಟ. ಅದನ್ನು ತಿನ್ನಲು ಡಾಕ್ಟರೇ ಹೇಳಿದ್ದಾರೆ ಎಂಬುದನ್ನು ಊರಿಗೆ ಹೋಗಿ ನನ್ನ ಸ್ನೇಹಿತೆಯರಿಗೆ ಹೇಳುವುದಕ್ಕೆ ಕಾತರಳಾಗಿದ್ದೆ. ಕೆಲವು ದಿನಗಳ ನಂತರ ಊತ ಇಳಿದು, ಒಂದು ಬೆಳಿಗ್ಗೆ ಅಮ್ಮನನ್ನು ಕರೆದೆ. 'ಅಬ್ಬ' ಅಂತ ಬರಲಿಲ್ಲ, 'ಅಮ್ಮ' ಅಂತ ಬಂತು. ಅಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, "ಇನ್ನೊಂದ್ಸಲ ಕರಿ" ಅಂದಳು. ಕರೆದೆ. "ಇನ್ನೊಂದ್ಸಲ" ಅಂದಳು.

ಊರಿಗೆ ವಾಪಸು ಬರುವಾಗ ಶಿಡ್ಲಘಟ್ಟ ಹತ್ತಿರವಾಗುತ್ತಿದ್ದಂತೆ ಬಸ್ಸಿನಲ್ಲಿದ್ದವರೆಲ್ಲ ಮೂಗಿಗೆ ಸೆರಗು, ಟವಲು ಹಿಡಿದುಕೊಂಡರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಊರು, ಒಳಗಿನ ಹುಳು ಬೆಂದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ನನಗದು ಹೊಸ ಲೋಕ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯಿ ಮುಚ್ಚಿಕೊಂಡು, ಮೂಗಿನ ತುಂಬ ಎಳೆದುಕೊಂಡೆ. "ಅಪ್ಪ, ಈ ವಾಸನೆ ಯಾವಾಗಿಂದ ಬರ್ತಿದೆ?" ಎಂದು ಕೇಳಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಸಾಬರೊಬ್ಬರು, ರೇಷ್ಮೆ ವ್ಯಾಪಾರದವರು, ಸಂತೋಷದಿಂದ, "ನಮ್ಮ ತಾತನ ಕಾಲದಿಂದ ಬರ್ತದೆ ಬೇಟಿ. ಇದನ್ನ ಇಷ್ಟು ಖುಷಿಯಾಗಿ ಮೂಸಿದೋರು ನೀನೇ ಮೊದ್ಲು" ಎಂದರು.

ಮದುವೆಯಾಯಿತು. ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಅಷ್ಟೊಂದು ಹ್ಞೂಂ ಕೇಳಿಯೂ ಅವಳು ಹೇಗೆ ಒಪ್ಪಿದಳು ಎಂಬುದು ನಮ್ಮ ಮನೆಯವರಿಗೆಲ್ಲ ದೊಡ್ಡ ಪ್ರಶ್ನೆಯಾಗಿತ್ತು. ಒಂದು ದಿನ ನನ್ನ ತಲೆ ಬಾಚುತ್ತಿದ್ದಾಗ ನಾನೇ ಕೇಳಿದೆ.

"ನಮ್ಮನೇಲಿ ಎಲ್ಲಾರೂ ಮಾತಾಡೋರೇ ಕಣೇ. ಸದ್ಯ, ಸುಮ್ನಿರೋರೊಬ್ಬರು ಸಿಕ್ರಲ್ಲ ಅಂದ್ಕೊಂಡೆ" ಅಂದಳು. ಜಡೆಯ ಮೂರೆಳೆ ಬಿಗಿದು, "ಮತ್ತೆ ಆವತ್ತು ಅಷ್ಟು ಜನ ನನ್ನ ನೋಡ್ತಿದ್ರಲ್ಲ, ಇವರೊಬ್ರು ಮಾತ್ರ ನಿನ್ನ ಮುಖ ನೋಡ್ತಾ ಒದ್ದಾಡ್ತಿದ್ರು. ಆಗ ಒಪ್ಕೊಂಡೆ" ಅಂದಳು.

ಸುಮ್ಮನಿರುವವನು ಎಂಬ ವಿಷಯದಲ್ಲಿ ಅವಳಿಗೆ ಪೂರ್ತಿ ಮೋಸವಾಯಿತು. ಚಿಕ್ಕಪ್ಪ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ಶುರುಮಾಡಿದರೆ ಮಲಗುವವರೆಗೆ ನಿಲ್ಲಿಸುತ್ತಿರಲಿಲ್ಲ. ಗದ್ದದ ಚಿಂತೆಯನ್ನು ಅವನು ಬಿಟ್ಟುಬಿಟ್ಟ. ಮದುವೆಯ ಫೋಟೋದಲ್ಲೂ ಅವನು ತಲೆ ತಗ್ಗಿಸಿದಂತೆಯೇ ಕಾಣುತ್ತಾನೆ. ನೋಡಿದವರೆಲ್ಲ ಎಂಥ ವಿನಯ ಎನ್ನುತ್ತಿದ್ದರು.

ನನ್ನ ನಾಲಿಗೆ ತಾನಾಗಿ ಮೇಲೆ ಹೋಗಲಿಲ್ಲ. ಮೂಗು ತೆರೆದರೂ ಬಾಯಿಗೆ ಹಳೆಯ ಅಭ್ಯಾಸ ಇತ್ತು. ಅತ್ತೆ ಪ್ರತಿ ರಜೆಯಲ್ಲೂ ಬಂದು ಕಲ್ಲುಸಕ್ಕರೆ ಕೊಟ್ಟಳು, ಈ ಸಲ ಮೊದಲು ಮೂಗಿನಿಂದ ಉಸಿರು ಬಿಡಿಸಿ ನೋಡಿ. ನಿಧಾನವಾಗಿ ಅಭ್ಯಾಸವಾಯಿತು. ಹೈಸ್ಕೂಲು ಮುಗಿಸುವ ವೇಳೆಗೆ ಮುಖ ಸ್ವಲ್ಪ ತುಂಬಿಕೊಂಡಿತು, ತುಟಿ ಪ್ರಯತ್ನವಿಲ್ಲದೆ ಮುಚ್ಚತೊಡಗಿತು. ಹಲ್ಲು ಪೂರ್ತಿ ಹಿಂದೆ ಹೋಗಲಿಲ್ಲ. ಒಂದು ಇವತ್ತಿಗೂ ಇನ್ನೊಂದರ ಹೆಗಲ ಮೇಲೆ ಕೈ ಹಾಕಿಕೊಂಡೇ ನಿಂತಿದೆ. ಹತ್ತನೇ ವಯಸ್ಸಿನವರೆಗೆ ಕಾದದ್ದು ತಡವಾಯಿತು ಎಂದು ಆಮೇಲೆ ಹಲ್ಲಿನ ಡಾಕ್ಟರೊಬ್ಬರು ಹೇಳಿದರು. ಅದರಲ್ಲಿ ನಾಲಿಗೆಯ ಪಾಲೆಷ್ಟು, ಅಪ್ಪನ ಕಡೆಯ ರಕ್ತದ ಪಾಲೆಷ್ಟು ಎಂದು ಹೇಳುವುದು ಕಷ್ಟ ಎಂದೂ ಹೇಳಿದರು.

ಅತ್ತೆ ಸುಮ್ಮನೆ ಕೂರುವವಳಲ್ಲ. ಮುಂದಿನ ವರ್ಷ ಸ್ಕೂಲು ಶುರುವಾದ ದಿನವೇ ಗೌರಿಬಿದನೂರಿನ ತನ್ನ ಕ್ಲಾಸಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮೂಗಿನ ಕೆಳಗೂ ಕನ್ನಡಿ ಹಿಡಿದಳಂತೆ. ಸುದ್ದಿ ಪೇಟೆಗೆಲ್ಲ ಹರಡಿತು. ಮಾರನೆಯ ದಿನ ಬುರ್ಖಾ ಹಾಕಿಕೊಂಡ ತಾಯಿಯೊಬ್ಬಳು ಮಗನ ಕೈ ಹಿಡಿದು ಎಳೆದುಕೊಂಡು ಬಂದು, ಕ್ಲಾಸಿನ ಬಾಗಿಲಲ್ಲೇ ನಿಂತು, "ಟೀಚರಮ್ಮ, ನಮ್ದು ಬಚ್ಚಾ ಜಿಂದಾ ಇದೆ! ಬೆಳಿಗ್ಗೆ ಮೂರು ರೊಟ್ಟಿ ತಿಂದದೆ! ಸತ್ತೋರ್ಗೆ ಹಿಡಿದಂಗೆ ಕನ್ನಡಿ ಹಿಡಿದು ಯಾಕೆ ನೋಡ್ತೀರಿ?" ಎಂದು ಜಗಳಕ್ಕೆ ನಿಂತಳಂತೆ. ಅತ್ತೆ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕುಂಬಾರನಿಂದ ಶುರುಮಾಡಿದಳು.